ಕಲ್ಲು ಪಡೆದವರು, ಪಡೆಯದವರು: ನ್ಯಾಚೆಜ್ ಪಟ್ಟಣದ ಹಳೆಯ ಸ್ಮಶಾನ

ವೇದಿಕೆಯ ಮೇಲಿರುವ ಹಿರಿಯರಿಗೂ, ಈ ಸಂಜೆ ಬಿಡುವು ಮಾಡಿಕೊಂಡು ಬಂದಿರುವ ತಮಗೆಲ್ಲರಿಗೂ ನಮಸ್ಕಾರಗಳು. ದೀಪ ಹಚ್ಚುವ ಹೊತ್ತಿನಲ್ಲಿ ಮಸಣದ ಮಾತು ತೆಗೆಯಬಾರದು ಎಂದು ನಮ್ಮ ಮನೆಗಳಲ್ಲಿ ಹಿರಿಯರು ಹೇಳುತ್ತಿದ್ದರು. ಆದರೂ ಇಂದು ಒಂದು ಮಸಣದ ಬಗ್ಗೆಯೇ ಮಾತನಾಡಲು ತಮ್ಮ ಅನುಮತಿ ಕೋರುತ್ತೇನೆ. ಅಮೆರಿಕದ ದಕ್ಷಿಣ ಭಾಗದ ಮಿಸಿಸಿಪ್ಪಿ ರಾಜ್ಯದಲ್ಲಿ, ಅದೇ ಹೆಸರಿನ ನದಿಯ ಪೂರ್ವ ದಂಡೆಯ ಎತ್ತರದ ದಿಬ್ಬದ ಮೇಲೆ ನ್ಯಾಚೆಜ್ ಎಂಬ ಪಟ್ಟಣವಿದೆ. 2020ರ ಜನಗಣತಿಯ ಪ್ರಕಾರ ಅಲ್ಲಿ ವಾಸವಿರುವವರು 15,000ಕ್ಕಿಂತಲೂ ಕಡಿಮೆ. ಆದರೆ 1861ರಲ್ಲಿ ಅಮೆರಿಕದ ಅಂತರ್ಯುದ್ಧ ಆರಂಭವಾಗುವ ಮೊದಲು ಹತ್ತಿಯ ಹಣ ಹರಿದು ಬಂದು ನಿಂತ ಊರುಗಳಲ್ಲಿ ಇದು ಮುಂಚೂಣಿಯಲ್ಲಿತ್ತು. ಆ ಕಾಲದ ಎತ್ತರದ ಬಿಳಿ ಕಂಬಗಳ ಬಂಗಲೆಗಳನ್ನು ನೋಡಲು ಇಂದಿಗೂ ಪ್ರವಾಸಿಗರು ಬರುತ್ತಾರೆ, ಬಂದವರು ಊರಿನ ಉತ್ತರ ಅಂಚಿನಲ್ಲಿರುವ ಸಿಟಿ ಸೆಮೆಟರಿಗೂ ತಪ್ಪದೆ ಹೋಗುತ್ತಾರೆ.

ಆ ಸ್ಮಶಾನ ಆರಂಭವಾದದ್ದು 1822ರಲ್ಲಿ. ಈಗ ಅದು ಸುಮಾರು ನೂರು ಎಕರೆಯಷ್ಟು ಹರಡಿಕೊಂಡಿದೆ. ಅಲ್ಲಿ ನೋಡಲು ಸುಂದರವಾದ ಶಿಲ್ಪಗಳಿವೆ, ಕೇಳಲು ಮನ ಕಲಕುವ ಕಥೆಗಳಿವೆ. ಆ ಕಥೆಗಳನ್ನು ನಾನೂ ಹೇಳುತ್ತೇನೆ. ಆದರೆ ನನ್ನ ಮುಖ್ಯ ವಿಚಾರವನ್ನು ಮೊದಲೇ ತಮ್ಮ ಮುಂದಿಡುವುದು ಒಳಿತು. ಒಂದು ಊರಿನ ಸ್ಮಶಾನವು ಸತ್ತವರ ಪಟ್ಟಿ ಎಂದು ನಾವು ಭಾವಿಸುತ್ತೇವೆ. ವಾಸ್ತವದಲ್ಲಿ ಅದು ಯಾರಿಗಾಗಿ ಕಲ್ಲು ನಿಲ್ಲಿಸುವವರು ಇದ್ದರೋ ಅವರ ಪಟ್ಟಿ. ವೀರಗಲ್ಲು, ನಿಸಿಧಿ ಶಾಸನಗಳನ್ನು ಓದಿ ಬಲ್ಲ ನಮಗೆ ಈ ಮಾತು ಹೊಸತಲ್ಲ. ನ್ಯಾಚೆಜ್‌ನಂತಹ ಊರಿನಲ್ಲಿ ಈ ವ್ಯತ್ಯಾಸ ಬಹಳ ದೊಡ್ಡದು. ಅದನ್ನು ಅರಿಯಬೇಕಾದರೆ ಸ್ಮಶಾನದ ಕಬ್ಬಿಣದ ಬೇಲಿಯೊಳಗೆ ನಡೆದಷ್ಟೇ ಹೊತ್ತು ಬೇಲಿಯ ಹೊರಗೂ ನಡೆಯಬೇಕಾಗುತ್ತದೆ.

ಊರಿನ ಹೆಸರಿನಿಂದಲೇ ಆರಂಭಿಸೋಣ. ನ್ಯಾಚೆಜ್ ಎಂಬುದು ಅಲ್ಲಿ ಮೊದಲಿಗೆ ನೆಲೆಸಿದ್ದ ಮೂಲನಿವಾಸಿ ಜನಾಂಗದ ಹೆಸರು. ಅವರು ಮಣ್ಣಿನ ದಿನ್ನೆಗಳನ್ನು ಕಟ್ಟಿ, ಒಂದರ ಮೇಲೆ ತಮ್ಮ ಅರಸನ ಮನೆಯನ್ನೂ ಇನ್ನೊಂದರ ಮೇಲೆ ದೇಗುಲವನ್ನೂ ನಿರ್ಮಿಸುತ್ತಿದ್ದರು. ಅರಸನನ್ನು ಅವರು 'ಮಹಾಸೂರ್ಯ' ಎಂದು ಕರೆಯುತ್ತಿದ್ದರು. 1716ರಲ್ಲಿ ಫ್ರೆಂಚರು ಅಲ್ಲಿ ರೋಸಲಿ ಎಂಬ ಕೋಟೆ ಕಟ್ಟಿದರು. 1725ರಲ್ಲಿ ಮಹಾಸೂರ್ಯನ ಸಹೋದರ ತೀರಿಕೊಂಡಾಗ ನಡೆದ ಶವಸಂಸ್ಕಾರವನ್ನು ಅಲ್ಲೇ ಇದ್ದ ಫ್ರೆಂಚ್ ವಸಾಹತುಗಾರನೊಬ್ಬ ವಿವರವಾಗಿ ಬರೆದಿಟ್ಟಿದ್ದಾನೆ. ಸತ್ತವನೊಂದಿಗೆ ಅವನ ಹೆಂಡಂದಿರನ್ನೂ ಪರಿಚಾರಕರನ್ನೂ ಉಸಿರುಗಟ್ಟಿಸಿ ಕಳುಹಿಸಿಕೊಟ್ಟ ಕ್ರಮವನ್ನು ಆ ಬರಹದಲ್ಲಿ ಓದುವಾಗ ಎದೆ ನಡುಗುತ್ತದೆ. ಭೂಮಿಗಾಗಿ ಫ್ರೆಂಚರು ಒತ್ತಡ ಹೇರುತ್ತ ಹೋದಂತೆ 1729ರ ನವೆಂಬರ್‌ನಲ್ಲಿ ಆ ಜನ ದಂಗೆಯೆದ್ದು ಕೋಟೆಯನ್ನು ನಾಶ ಮಾಡಿದರು. ಮುಂದಿನ ಎರಡು ವರ್ಷಗಳಲ್ಲಿ ಫ್ರೆಂಚರು ಅವರನ್ನು ಚದುರಿಸಿ, ಸೆರೆ ಸಿಕ್ಕ ನೂರಾರು ಮಂದಿಯನ್ನು ಅವರ ಮಹಾಸೂರ್ಯನ ಸಮೇತ ಕೆರಿಬಿಯನ್ ದ್ವೀಪಕ್ಕೆ ಗುಲಾಮರಾಗಿ ಮಾರಿಬಿಟ್ಟರು. ಅನಂತರ ಆ ನೆಲ ಬ್ರಿಟಿಷರ ಕೈಗೆ, ಸ್ಪೇನಿನವರ ಕೈಗೆ, 1798ರಲ್ಲಿ ಅಮೆರಿಕದ ಕೈಗೆ ಬಂದಿತು. ಊರಿಗೆ ಹೆಸರು ಕೊಟ್ಟ ಜನರ ದಿನ್ನೆಗಳು ಇಂದಿಗೂ ಊರಿನ ದಕ್ಷಿಣ ಭಾಗದಲ್ಲಿ ಹುಲ್ಲು ಹೊದ್ದು ನಿಂತಿವೆ. ನಾನು ಮೊದಲು ಹೇಳಿದ ನೂರು ಎಕರೆಯ ಸ್ಮಶಾನಕ್ಕೂ ಅವರಿಗೂ ಯಾವ ಸಂಬಂಧವೂ ಇಲ್ಲ. ನ್ಯಾಚೆಜ್‌ನ ಕಲ್ಲಿಲ್ಲದ ಸತ್ತವರಲ್ಲಿ ಮೊದಲಿಗರು ಸ್ವತಃ ನ್ಯಾಚೆಜ್ ಜನ.

ಈಗ ಸ್ಮಶಾನದೊಳಗೆ ಹೋಗೋಣ. ಊರ ನಡುವಿನ ಹಳೆಯ ಸ್ಮಶಾನದಲ್ಲಿ ಇದ್ದ ಎಷ್ಟೋ ಶವಗಳನ್ನು ತೆಗೆದು ಇಲ್ಲಿಗೆ ತಂದು ಮರಳಿ ಹೂಳಲಾಯಿತು, ಆದ್ದರಿಂದ 1822ಕ್ಕಿಂತ ಹಿಂದಿನ ಕಲ್ಲುಗಳೂ ಇಲ್ಲಿವೆ. ಸ್ಪೇನಿನ ಆಳ್ವಿಕೆಯ ಕಾಲದ ಅಧಿಕಾರಿ ಡಾನ್ ಹೊಸೆ ವಿದಾಲ್ ಇಲ್ಲಿ ಮಲಗಿದ್ದಾನೆ. ನದಿಯ ಆಚೆ ದಡದಲ್ಲಿ ಕಾಣುವ ವಿಡೇಲಿಯ ಎಂಬ ಊರು ಅವನ ಹೆಸರನ್ನೇ ಹೊತ್ತಿದೆ. ಗಾಳಿ ತಂದು ಗುಡ್ಡೆ ಹಾಕಿದ ನಯವಾದ ಹಳದಿ ಮಣ್ಣಿನ ನೆಲ ಅದು. ಮಳೆಗೆ ಬೇಗ ಕುಸಿಯುವ ಆ ಮಣ್ಣಿನ ಮೇಲೆ ದಾರಿಗಳು ಏರಿಳಿಯುತ್ತ ಸಾಗುತ್ತವೆ. ಒಂದೊಂದು ಕುಟುಂಬದ ಗೋರಿಗಳ ಸುತ್ತಲೂ ಎರಕದ ಕಬ್ಬಿಣದ ಬೇಲಿಗಳಿವೆ, ಅವುಗಳಲ್ಲಿ ಬಳ್ಳಿ, ಹೂವುಗಳ ಕುಸುರಿ ಕೆಲಸವಿದೆ. ಎಲ್ಲಕ್ಕಿಂತ ಮೊದಲು ಕಣ್ಣಿಗೆ ಬೀಳುವುದು ಓಕ್ ಮರಗಳ ಕೊಂಬೆಗಳಿಂದ ಬೂದು ಬಣ್ಣದ ಜಡೆಗಳಂತೆ ಜೋಲಾಡುವ ಸ್ಪ್ಯಾನಿಷ್ ಮಾಸ್. ನೋಡಿದ ಕೂಡಲೇ ನಮಗೆ ಬಂದಳಿಕೆಯ ನೆನಪಾಗುತ್ತದೆ, ಆದರೆ ಇದು ಬಂದಳಿಕೆಯಲ್ಲ. ಅನಾನಸಿನ ಕುಟುಂಬಕ್ಕೆ ಸೇರಿದ ಈ ಸಸ್ಯವು ಮರದ ರಸವನ್ನು ಹೀರದೆ, ಗಾಳಿಯ ತೇವದಿಂದಲೂ ಮಳೆಯ ನೀರಿನಿಂದಲೂ ಬದುಕಿ, ಮರವನ್ನು ಕೇವಲ ಆಸರೆಯಾಗಿ ಬಳಸುತ್ತದೆ. ಈ ಜಡೆಗಳನ್ನು ದಯವಿಟ್ಟು ನೆನಪಿನಲ್ಲಿಡಿ. ನನ್ನ ಮಾತಿನ ಕೊನೆಗೆ ಇವು ಮತ್ತೆ ಬರುತ್ತವೆ.

ಕಲ್ಲುಗಳನ್ನು ಓದುವ ಬಗೆಯನ್ನು ಸಂಕ್ಷಿಪ್ತವಾಗಿ ಹೇಳುತ್ತೇನೆ. ಕ್ರೈಸ್ತರು ಶವದ ತಲೆಯನ್ನು ಪಶ್ಚಿಮಕ್ಕೂ ಕಾಲನ್ನು ಪೂರ್ವಕ್ಕೂ ಇರಿಸಿ ಹೂಳುವುದು ಹಳೆಯ ರೂಢಿ, ಕಡೆಯ ದಿನ ಎದ್ದು ಕುಳಿತವರಿಗೆ ಮೂಡಣ ದಿಕ್ಕು ಎದುರಾಗಬೇಕು ಎಂಬುದು ಅದರ ಹಿಂದಿನ ನಂಬಿಕೆ. ಮಲಗಿದ ಕುರಿಮರಿಯ ಶಿಲ್ಪ ಕಂಡರೆ ಅದು ಮಗುವಿನ ಗೋರಿ. ಅರ್ಧಕ್ಕೆ ಮುರಿದ ಕಂಬವು ನಡುಹರೆಯದಲ್ಲೇ ನಿಂತುಹೋದ ಬದುಕನ್ನು ಸೂಚಿಸುತ್ತದೆ. ಹತ್ತೊಂಬತ್ತನೆಯ ಶತಮಾನದವರು ಮೆಚ್ಚಿದ ಬಿಳಿ ಅಮೃತಶಿಲೆ ಮಳೆಯ ಹುಳಿಗೆ ಮೆಲ್ಲಗೆ ಕರಗುತ್ತದೆ, ಬೆರಳಿನಿಂದ ಸವರಿದರೆ ಸಕ್ಕರೆಯ ಹಾಗೆ ಹರಳು ಹರಳಾಗಿ ಕೈಗೆ ಹತ್ತುತ್ತದೆ. ಹಾಗಾಗಿ ಸವರಬಾರದು. ಅಕ್ಷರ ಮಾಸಿದ ಕಲ್ಲನ್ನು ಓದಲು ಮುಂಜಾನೆಯ ಓರೆ ಬಿಸಿಲಿಗಿಂತ ಉತ್ತಮ ಸಾಧನ ಮತ್ತೊಂದಿಲ್ಲ.

ಇಲ್ಲಿಯ ಗೋರಿಗಳಲ್ಲಿ ನನ್ನನ್ನು ಬಹಳ ಹೊತ್ತು ನಿಲ್ಲಿಸಿದ್ದು ಫ್ಲಾರೆನ್ಸ್ ಐರೀನ್ ಫೋರ್ಡ್ ಎಂಬ ಹುಡುಗಿಯದು. ಅವಳು 1871ರಲ್ಲಿ, ಹತ್ತನೆಯ ವಯಸ್ಸಿನಲ್ಲಿ, ಹಳದಿ ಜ್ವರದಿಂದ ತೀರಿಕೊಂಡಳೆಂದು ಹೇಳುತ್ತಾರೆ. ಆ ಜ್ವರ ನದಿಯ ಬಂದರುಗಳಲ್ಲಿ ಬೇಸಿಗೆಯಿಂದ ಬೇಸಿಗೆಗೆ ಮರಳಿ ಬರುತ್ತಿತ್ತು, ಅದನ್ನು ಹರಡುವುದು ಸೊಳ್ಳೆ ಎಂಬುದು ದೃಢವಾದದ್ದು 1900ರಲ್ಲಿ ಮಾತ್ರ. ಫ್ಲಾರೆನ್ಸ್‌ಗೆ ಗುಡುಗು, ಬಿರುಗಾಳಿ ಎಂದರೆ ವಿಪರೀತ ಭಯ. ಬಿರುಗಾಳಿ ಎದ್ದಾಗಲೆಲ್ಲ ಅವಳು ತಾಯಿಯ ಬಳಿಗೆ ಓಡಿಬರುತ್ತಿದ್ದಳಂತೆ. ಮಗಳನ್ನು ಮಣ್ಣು ಮಾಡುವಾಗ ಆ ತಾಯಿ ಒಂದು ಏರ್ಪಾಡು ಮಾಡಿಸಿದಳು: ಗೋರಿಯ ತಲೆಯ ಬದಿಯಲ್ಲಿ ನೆಲದೊಳಕ್ಕೆ ಇಳಿಯುವ ಮೆಟ್ಟಿಲುಗಳು, ಮೆಟ್ಟಿಲ ತಳದಲ್ಲಿ ಶವಪೆಟ್ಟಿಗೆಯ ತಲೆಯ ಮಟ್ಟಕ್ಕೆ ಒಂದು ಪುಟ್ಟ ಗಾಜಿನ ಕಿಟಕಿ, ಮೇಲೆ ಮುಚ್ಚಿಕೊಳ್ಳಲು ಲೋಹದ ಕದಗಳು. ರಾತ್ರಿ ಬಿರುಗಾಳಿ ಬೀಸಿದರೆ ತಾಯಿ ಸ್ಮಶಾನಕ್ಕೆ ನಡೆದುಬಂದು, ಮೆಟ್ಟಿಲಿಳಿದು, ತಲೆಯ ಮೇಲೆ ಕದ ಎಳೆದುಕೊಂಡು, ಮಳೆ ನಿಲ್ಲುವವರೆಗೆ ಮಗಳ ಪಕ್ಕದಲ್ಲಿ ಕುಳಿತಿರುತ್ತಿದ್ದಳು. ಮೆಟ್ಟಿಲುಗಳು ಈಗಲೂ ಇವೆ. ಕಿಟಕಿಯಿದ್ದ ಜಾಗವನ್ನು ಮಾತ್ರ 1950ರ ದಶಕದಲ್ಲಿ, ಪುಂಡರು ಹಾಳುಗೆಡವದಿರಲೆಂದು, ಕಾಂಕ್ರೀಟ್ ಗೋಡೆ ಕಟ್ಟಿ ಮುಚ್ಚಿದ್ದಾರೆ. ಹೆತ್ತ ಕರುಳಿನ ಸಂಕಟಕ್ಕೆ ಇಷ್ಟು ನೇರವಾದ ವಾಸ್ತುವನ್ನು ನಾನು ಬೇರೆಲ್ಲೂ ಕಂಡಿಲ್ಲ.

ಆ ಮಗುವಿನ ಭಯ ಅಕಾರಣವೂ ಆಗಿರಲಿಲ್ಲ. ಅವಳು ಹುಟ್ಟುವುದಕ್ಕೆ ಸುಮಾರು ಎರಡು ದಶಕಗಳ ಹಿಂದೆ, 1840ರ ಮೇ 7ರ ಮಧ್ಯಾಹ್ನ, ಒಂದು ಸುಂಟರಗಾಳಿ ನದಿಯ ಮೇಲೆಯೇ ಸಾಗಿಬಂದು ನ್ಯಾಚೆಜ್‌ನ ದೋಣಿಗಳನ್ನೂ ಊರಿನ ಮನೆಗಳನ್ನೂ ನುಚ್ಚುನೂರು ಮಾಡಿತ್ತು. ದಾಖಲೆಯ ಲೆಕ್ಕದಲ್ಲಿ ಸತ್ತವರು 317 ಮಂದಿ, ಅದರಲ್ಲಿ ನೆಲದ ಮೇಲೆ ಸತ್ತವರು 48, ಉಳಿದವರೆಲ್ಲ ನದಿಯ ಮೇಲಿದ್ದವರು. ಅಮೆರಿಕದ ಚರಿತ್ರೆಯ ಅತಿ ಭೀಕರ ಸುಂಟರಗಾಳಿಗಳಲ್ಲಿ ಅದಕ್ಕೆ ಎರಡನೆಯ ಸ್ಥಾನ. ಆದರೆ ಗಾಳಿ ಹಾದುಬಂದ ದಾರಿಯ ಹತ್ತಿ ತೋಟಗಳಲ್ಲಿ ದುಡಿಯುತ್ತಿದ್ದ ಗುಲಾಮರ ಸಾವುಗಳು ಆ ಸಂಖ್ಯೆಯೊಳಗೆ ಸರಿಯಾಗಿ ಸೇರಿಲ್ಲವೆಂಬುದು ಚರಿತ್ರಕಾರರ ಸಾಮಾನ್ಯ ಅಭಿಪ್ರಾಯ. ಎಣಿಕೆಯಲ್ಲಿಯೇ ಇಲ್ಲದವರಿಗೆ ಕಲ್ಲು ಎಲ್ಲಿಂದ ಬಂದೀತು?

ಹತ್ತಿಯ ಮಾತು ಬಂದುದರಿಂದ, ವಿಷಯದಿಂದ ಸ್ವಲ್ಪ ಸರಿದಂತೆ ಕಂಡರೂ, ನಮ್ಮ ನಾಡಿಗೆ ಸೇರಿದ ಒಂದು ಸಂಗತಿಯನ್ನು ಹೇಳದೆ ಮುಂದೆ ಹೋಗಲಾರೆ. ಆ ಸುಂಟರಗಾಳಿ ಬೀಸಿದ ವರ್ಷವೇ, ಅಂದರೆ 1840ರಲ್ಲಿ, ಈಸ್ಟ್ ಇಂಡಿಯಾ ಕಂಪನಿಯು ಅಮೆರಿಕದ ದಕ್ಷಿಣ ಭಾಗದಿಂದ ಹತ್ತು ಮಂದಿ ಹತ್ತಿ ಬೆಳೆಗಾರರನ್ನು, ಬೀಜ ಮತ್ತು ಅರಳೆ ಬಿಡಿಸುವ ಜಿನ್ ಯಂತ್ರಗಳ ಸಹಿತ, ಭಾರತಕ್ಕೆ ಕರೆಸಿತು. ಹಲವೆಡೆ ವಿಫಲವಾದ ಆ ಪ್ರಯೋಗ ಧಾರವಾಡ ಸೀಮೆಯ ಕಪ್ಪು ನೆಲದಲ್ಲಿ ಬೇರೂರಿತು. 'ಧಾರವಾಡ–ಅಮೆರಿಕನ್' ಎಂಬ ಹೆಸರಿನಲ್ಲಿ ಅಲ್ಲಿಯ ಅರಳೆ ಪೇಟೆಗೆ ಹೋಗತೊಡಗಿತು. ಅಂತರ್ಯುದ್ಧದಿಂದ ಅಮೆರಿಕದ ಬಂದರುಗಳು ಮುಚ್ಚಿದ 1861ರಿಂದ 1865ರವರೆಗಿನ ಅವಧಿಯಲ್ಲಿ ಧಾರವಾಡ, ಹುಬ್ಬಳ್ಳಿ, ಗದಗ ಕಡೆಯ ರೈತರು ಕಂಡರಿಯದ ಬೆಲೆ ಪಡೆದದ್ದೂ, ಯುದ್ಧ ಮುಗಿದೊಡನೆ ಬೆಲೆ ಕುಸಿದು ಸಾಲಕ್ಕೆ ಬಿದ್ದದ್ದೂ ಆ ಪ್ರಯೋಗದ ಮುಂದುವರಿದ ಕಥೆ. ನ್ಯಾಚೆಜ್‌ನ ಅಮೃತಶಿಲೆಯ ಗೋರಿಗಳಿಗೆ ಹಣ ತಂದ ಗಿಡದ ಸಂತತಿ ನಮ್ಮ ಎರೆ ಹೊಲಗಳಿಗೂ ಬಂದಿತ್ತು ಎಂದು ತಿಳಿದ ಮೇಲೆ, ಆ ಸ್ಮಶಾನವನ್ನು ದೂರದ ಊರಿನ ಕುತೂಹಲವೆಂದು ನೋಡುವುದು ನನಗೆ ಸಾಧ್ಯವಾಗಲಿಲ್ಲ.

ಮರಳಿ ದಾರಿಗೆ ಬರುತ್ತೇನೆ. ಪ್ರವಾಸಿಗರು ಹೆಚ್ಚಾಗಿ ಕೇಳಿಕೊಂಡು ಬರುವುದು 'ತಿರುಗುವ ದೇವತೆ' ಎಂದು ಹೆಸರಾದ ಶಿಲ್ಪವನ್ನು. ರೆಕ್ಕೆಯುಳ್ಳ ದೇವದೂತೆಯೊಬ್ಬಳು ಪೀಠದ ಮೇಲೆ ಕುಳಿತು ಪುಸ್ತಕದಲ್ಲಿ ಬರೆಯುತ್ತಿದ್ದಾಳೆ, ರಾತ್ರಿ ರಸ್ತೆಯಲ್ಲಿ ಹಾದುಹೋಗುವ ವಾಹನದ ಬೆಳಕು ಬಿದ್ದಾಗ ಅವಳು ತಿರುಗಿ ನೋಡಿದಂತೆ ಭಾಸವಾಗುತ್ತದೆ. ಬೆಳಕಿನ ಆಟಕ್ಕಿಂತ ಅವಳ ಪಾದದ ಬಳಿಯಿರುವ ಐದು ಚಿಕ್ಕ ಕಲ್ಲುಗಳು ನನಗೆ ಮುಖ್ಯವೆನಿಸಿದವು. 1908ರ ಮಾರ್ಚ್ 14ರಂದು ಊರಿನ ಒಂದು ಔಷಧ ಕಂಪನಿಯ ಕಟ್ಟಡದಲ್ಲಿ ಅನಿಲ ಸೋರಿ ಸ್ಫೋಟವಾಯಿತು. ಅಲ್ಲಿ ಕೆಲಸಕ್ಕಿದ್ದ ಹೆಣ್ಣುಮಕ್ಕಳಲ್ಲಿ ಐವರು ಸತ್ತರು, ಅವರಲ್ಲಿ ತೀರ ಕಿರಿಯವಳಿಗೆ ಹನ್ನೆರಡು ವರ್ಷ. ಹನ್ನೆರಡು ವರ್ಷದ ಹುಡುಗಿ ದಿನವಿಡೀ ಕೂಲಿಗಿದ್ದಳು ಎಂಬ ವಿಷಯ ಶಿಲ್ಪದ ಚೆಲುವಿನಲ್ಲಿ ಮರೆಯಾಗಬಾರದು. ಕಂಪನಿಯ ಒಡೆಯನು ದುಃಖದಿಂದ ಆ ಜಾಗವನ್ನು ಕೊಂಡು, ಅವರನ್ನು ಒಟ್ಟಿಗೆ ಹೂಳಿಸಿ, ಈ ಶಿಲ್ಪವನ್ನು ನಿಲ್ಲಿಸಿದನು. ಕೂಲಿಯ ಮಕ್ಕಳಿಗೆ ಇಷ್ಟು ಎತ್ತರದ ಕಲ್ಲು ದೊರೆತದ್ದು ಅವರ ಮನೆಯವರ ಸ್ಥಿತಿಯಿಂದಲ್ಲ, ಸಾವು ಬಂದ ರೀತಿಯಿಂದ.

ಇದಕ್ಕೆ ವಿರುದ್ಧವಾದ ಇನ್ನೊಂದು ಕಲ್ಲಿದೆ. ಅದರ ಮೇಲೆ 'ದುರದೃಷ್ಟದ ಲೂಯೀಸ್' ಎಂಬರ್ಥದ ಮಾತಿನ ಹೊರತು ಏನೂ ಇಲ್ಲ. ಮನೆತನದ ಹೆಸರಿಲ್ಲ, ಹುಟ್ಟಿದ ದಿನವಿಲ್ಲ, ಸತ್ತ ದಿನವಿಲ್ಲ. ಮದುವೆಯಾಗುವೆನೆಂದು ಬರೆದವನನ್ನು ನಂಬಿ ದೂರದಿಂದ ಬಂದಳು, ಅವನು ಸಿಗಲಿಲ್ಲ, ದಿಬ್ಬದ ಕೆಳಗಿನ ಬಂದರು ಬೀದಿಯಲ್ಲಿ ಬಟ್ಟೆ ಒಗೆದು, ಕೊನೆಗೆ ಬೇರೆ ದಾರಿ ಕಾಣದೆ ಮೈಮಾರಿ ಬದುಕಿ ಸತ್ತಳು ಎಂದು ಊರವರು ಹೇಳುತ್ತಾರೆ. ಇದು ಬಾಯಿಂದ ಬಾಯಿಗೆ ಬಂದ ಕಥೆ, ಹಾಗೆಯೇ ತೆಗೆದುಕೊಳ್ಳಬೇಕು. ಯಾರೋ ಒಬ್ಬರು ಹಣ ತೆತ್ತು ಈ ಕಲ್ಲನ್ನು ಕೆತ್ತಿಸಿದರು ಎಂಬುದಂತೂ ಕಲ್ಲೇ ಹೇಳುವ ಸತ್ಯ.

ಸ್ಮಶಾನದ ಒಂದು ಏರಿಗೆ ಯಹೂದಿ ಗುಡ್ಡ ಎಂದು ಹೆಸರು. ವ್ಯಾಪಾರಕ್ಕಾಗಿ ಬಂದು ನೆಲೆಸಿದ ಯಹೂದಿ ಕುಟುಂಬಗಳು ಅಲ್ಲಿವೆ. ಅಂತರ್ಯುದ್ಧ ನಡೆಯುತ್ತಿದ್ದ 1862ರ ಸೆಪ್ಟೆಂಬರ್‌ನಲ್ಲಿ, ದಕ್ಷಿಣದ ವಿರುದ್ಧ ಹೋರಾಡುತ್ತಿದ್ದ ಉತ್ತರದ ರಾಜ್ಯಗಳವರ ಎಸೆಕ್ಸ್ ಎಂಬ ಯುದ್ಧನೌಕೆಯ ಮೇಲೆ ದಂಡೆಯಿಂದ ಗುಂಡು ಹಾರಿದ್ದಕ್ಕೆ ಪ್ರತಿಯಾಗಿ ನೌಕೆಯು ಊರಿನ ಮೇಲೆ ಫಿರಂಗಿ ಹಾರಿಸಿತು. ದಿಬ್ಬದ ಕೆಳಗಿನ ಅಂಗಡಿಕಾರನೊಬ್ಬ ಮನೆಮಂದಿಯನ್ನು ಕರೆದುಕೊಂಡು ಮೇಲಕ್ಕೆ ಓಡುತ್ತಿದ್ದಾಗ ಅವನ ಏಳು ವರ್ಷದ ಮಗಳು ರೋಸಲಿ ಬೀಕ್‌ಮನ್‌ಗೆ ಚೂರು ತಗುಲಿತು. ಆ ದಾಳಿಯಲ್ಲಿ ಸತ್ತವಳು ಅವಳೊಬ್ಬಳೇ.

ಈಗ ನನಗೆ ಬಹಳ ಆಪ್ತನಾದ ಒಬ್ಬ ವ್ಯಕ್ತಿಯ ಬಳಿಗೆ ತಮ್ಮನ್ನು ಕರೆದೊಯ್ಯುತ್ತೇನೆ. ಇದೇ ಸ್ಮಶಾನದಲ್ಲಿ ವಿಲಿಯಂ ಜಾನ್ಸನ್ ಎಂಬ ಕ್ಷೌರಿಕನ ಗೋರಿಯಿದೆ. ಅವನು 1809ರಲ್ಲಿ ಗುಲಾಮನಾಗಿ ಹುಟ್ಟಿದವನು. ಅವನ ಯಜಮಾನನ ಹೆಸರೂ ವಿಲಿಯಂ ಜಾನ್ಸನ್ ಎಂದೇ, ಬಹುಶಃ ಅವನೇ ತಂದೆ. 1820ರಲ್ಲಿ, ಹನ್ನೊಂದು ವರ್ಷದವನಿದ್ದಾಗ, ಯಜಮಾನನು ರಾಜ್ಯದ ಶಾಸನಸಭೆಗೆ ಅರ್ಜಿ ಸಲ್ಲಿಸಿ ಹುಡುಗನನ್ನು ಬಿಡುಗಡೆ ಮಾಡಿಸಿದನು. ಹುಡುಗ ತನ್ನ ಭಾವನ ಅಂಗಡಿಯಲ್ಲಿ ಕೆಲಸ ಕಲಿತು, ಅನಂತರ ಆ ಅಂಗಡಿಯನ್ನೇ ಕೊಂಡು, ಊರಿನ ಬಿಳಿಯ ಗಣ್ಯರ ಗಡ್ಡ ಬೋಳಿಸುತ್ತ, ಅವರಿಗೆ ಸಾಲ ಕೊಡುತ್ತ, ಮನೆ ಕಟ್ಟಿ, ಹೊಲ ಕೊಂಡು ಬೆಳೆದನು. 1835ರಿಂದ ಸಾಯುವವರೆಗೆ ಅವನು ಬರೆದ ದಿನಚರಿಯಲ್ಲಿ ಊರಿನ ಜಗಳ, ಕುದುರೆ ಜೂಜು, ಅಂಗಡಿಯ ಜಮಾಖರ್ಚು, ಹವಾಮಾನ, ಜ್ವರ, ಸಾವು ಎಲ್ಲವೂ ಇವೆ. ಗುಲಾಮಗಿರಿಯ ನಾಡಿನಲ್ಲಿ ಸ್ವತಂತ್ರನಾದ ಕಪ್ಪು ಮನುಷ್ಯನೊಬ್ಬನು ಇಷ್ಟು ದೀರ್ಘವಾಗಿ ಬರೆದ ದಿನಚರಿ ಮತ್ತೊಂದು ಸಿಗುವುದು ಅಪರೂಪ. ಅವನನ್ನು ಆದರ್ಶ ಪುರುಷನನ್ನಾಗಿ ಮಾಡಲು ಹೊರಟವರಿಗೆ ಒಂದು ಸಂಗತಿ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ: ಬಿಡುಗಡೆಯಾದ ಆ ಮನುಷ್ಯ ತಾನೇ ಗುಲಾಮರನ್ನು ಕೊಂಡು ಇಟ್ಟುಕೊಂಡಿದ್ದನು. ಅದನ್ನು ಮುಚ್ಚಿಡುವುದು ನನಗೆ ಸರಿಕಾಣುವುದಿಲ್ಲ. ತನ್ನ ಕಾಲದ ಕೇಡಿನೊಳಗೆ ಅವನೂ ಪಾಲುದಾರನಾಗಿದ್ದನು.

1851ರ ಜೂನ್‌ನಲ್ಲಿ ಜಮೀನಿನ ಗಡಿಯ ವ್ಯಾಜ್ಯದಲ್ಲಿ ನೆರೆಯ ಬೇಲರ್ ವಿನ್ ಎಂಬವನು ಜಾನ್ಸನ್‌ಗೆ ಗುಂಡಿಟ್ಟನು. ಜಾನ್ಸನ್ ಸಾಯುವ ಮೊದಲು ಕೊಂದವನ ಹೆಸರು ಹೇಳಿದ್ದನು, ಕಣ್ಣಾರೆ ಕಂಡ ಸಾಕ್ಷಿಗಳೂ ಇದ್ದರು. ಆದರೆ ಆ ಸಾಕ್ಷಿಗಳು ಕಪ್ಪು ಜನ. ಬಿಳಿಯನ ವಿರುದ್ಧ ಕಪ್ಪು ಮನುಷ್ಯ ಸಾಕ್ಷಿ ನುಡಿಯುವಂತಿಲ್ಲ ಎಂಬುದು ಅಂದಿನ ಕಾನೂನು. ಊರೆಲ್ಲ ಮಿಶ್ರರಕ್ತದವನೆಂದು ತಿಳಿದಿದ್ದ ವಿನ್, ತಾನು ಕಪ್ಪು ಜನಾಂಗದವನಲ್ಲ, ಬಿಳಿಯರ ಮತ್ತು ಮೂಲನಿವಾಸಿಗಳ ಸಂತತಿ ಎಂದು ವಾದಿಸಿದನು. ನ್ಯಾಯಾಲಯ ಕೊಲೆಯ ವಿಚಾರಣೆಯನ್ನು ಬಿಟ್ಟು ಆರೋಪಿಯ ಮೈಬಣ್ಣದ ವಿಚಾರಣೆಯಲ್ಲಿ ಎರಡು ವರ್ಷ ಕಳೆಯಿತು. ಕೊನೆಗೆ ವಿನ್ ಬಿಡುಗಡೆಯಾಗಿ ಮನೆಗೆ ಹೋದನು. ಜಾನ್ಸನ್‌ನ ದಿನಚರಿಯ ಹೊತ್ತಗೆಗಳು ಅವನ ಮನೆಯ ಅಟ್ಟದಲ್ಲಿ ದಶಕಗಳ ಕಾಲ ಉಳಿದು, 1938ರಲ್ಲಿ ಹೊರಬಂದು, ಅವನು ಸತ್ತು ಸರಿಯಾಗಿ ನೂರು ವರ್ಷಕ್ಕೆ, 1951ರಲ್ಲಿ, ಅಚ್ಚಾದವು. ಸ್ಟೇಟ್ ಬೀದಿಯ ಆ ಮನೆ ಈಗ ರಾಷ್ಟ್ರೀಯ ಐತಿಹಾಸಿಕ ಉದ್ಯಾನದ ಭಾಗವಾಗಿದೆ. ಗೋರಿಯ ಕಲ್ಲು ಹೇಳದ ಮಾತುಗಳನ್ನು ಆ ಹೊತ್ತಗೆಗಳು ಹೇಳಿದವು.

ಜಾನ್ಸನ್‌ಗೆ ಕಲ್ಲಿತ್ತು, ಹೊತ್ತಗೆಯಿತ್ತು. ಅವನ ಅಂಗಡಿಯ ಮುಂದೆ ಸಂಕೋಲೆಯಲ್ಲಿ ನಡೆದುಹೋದವರಿಗೆ ಎರಡೂ ಇರಲಿಲ್ಲ. ವರ್ಜೀನಿಯ, ಮೇರಿಲ್ಯಾಂಡ್ ಕಡೆಯಿಂದ ಕಾಲ್ನಡಿಗೆಯಲ್ಲಿಯೂ ಹಡಗಿನಲ್ಲಿಯೂ ತಂದ ಗುಲಾಮರನ್ನು ನ್ಯಾಚೆಜ್‌ನಲ್ಲಿ ಮಾರುತ್ತಿದ್ದ ವರ್ತಕರಲ್ಲಿ ಐಸಾಕ್ ಫ್ರಾಂಕ್ಲಿನ್ ಪ್ರಮುಖನು. ಕಾಲರಾ ಹಬ್ಬಿದಾಗ ಅವನ ಸುಪರ್ದಿನಲ್ಲಿದ್ದ ಗುಲಾಮರು ಸಾಯತೊಡಗಿದರು. ಸುದ್ದಿ ಹೊರಬಿದ್ದರೆ ಕೊಳ್ಳುವವರು ಹಿಂಜರಿಯುತ್ತಾರೆಂದು ಅವನು ಹೆಣಗಳನ್ನು ರಾತ್ರಿಯ ಹೊತ್ತು ಗುಟ್ಟಾಗಿ ಸಾಗಿಸುತ್ತಿದ್ದನು. ಇದನ್ನು ಅವನೇ ಪಾಲುದಾರನಿಗೆ ಬರೆದ ಪತ್ರ ಉಳಿದುಕೊಂಡಿದೆ. 1833ರ ವಸಂತದಲ್ಲಿ ಊರ ಪಕ್ಕದ ಕೊರಕಲಿನಲ್ಲಿ, ಮೇಲೆಮೇಲೆ ಮಣ್ಣೆಳೆದು ಮುಚ್ಚಿದ್ದ ಕೆಲವು ಶವಗಳು ಪತ್ತೆಯಾದವು. ಊರವರು ಕೆರಳಿದರು. ಆದರೆ ಅವರ ಸಿಟ್ಟು ಸತ್ತವರ ಪರವಾಗಿರಲಿಲ್ಲ, ತಮಗೆ ರೋಗ ತಗುಲೀತೆಂಬ ಭಯದಿಂದ ಹುಟ್ಟಿದ್ದು. ವರ್ತಕರು ಊರಿನ ಎಲ್ಲೆಯೊಳಗೆ ಗುಲಾಮರನ್ನು ಮಾರಬಾರದೆಂದು ನಿಯಮ ಮಾಡಿದರು. ವರ್ತಕರು ಎಲ್ಲೆಯ ಆಚೆ, ಫೋರ್ಕ್ಸ್ ಆಫ್ ದ ರೋಡ್ ಎಂಬ ಕವಲು ದಾರಿಗೆ ವ್ಯಾಪಾರವನ್ನು ಸಾಗಿಸಿದರು. ಮುಂದಿನ ಮೂವತ್ತು ವರ್ಷ ಆ ಕವಲು ನ್ಯೂ ಆರ್ಲಿಯನ್ಸ್ ಬಿಟ್ಟರೆ ಆ ಭಾಗದ ಅತಿ ದೊಡ್ಡ ಗುಲಾಮರ ಸಂತೆಯಾಗಿತ್ತು. ತೋಟಗಳಿಗೆ ಮಾರಾಟವಾಗಿ ಹೋಗಿ ಅಲ್ಲಿಯೇ ಸತ್ತವರನ್ನು ಉಳುಮೆಗೆ ಬಾರದ ಅಂಚಿನ ನೆಲದಲ್ಲಿ ಹೂಳುತ್ತಿದ್ದರು. ಗುರುತಿಗೆ ಮರದ ಹಲಗೆ, ಕಾಡುಗಲ್ಲು, ಒಡೆದ ಮಣ್ಣಿನ ಪಾತ್ರೆ, ಕೆಲವೊಮ್ಮೆ ವರ್ಷವಿಡೀ ಹಸಿರಾಗಿರುವ ಒಂದು ಗಿಡ. ಹಲಗೆ ಕೊಳೆತು ಹೋಗುತ್ತದೆ, ಕಾಡುಗಲ್ಲು ಗುರುತು ತಪ್ಪುತ್ತದೆ, ಗಿಡ ಮಾತ್ರ ಹಬ್ಬುತ್ತದೆ. ಅಲ್ಲಿಯ ಕಾಡಂಚಿನಲ್ಲಿ ನೆಟ್ಟು ಬೆಳೆಸಿದಂತೆ ಹಬ್ಬಿದ ಹಸಿರು ಕಂಡಾಗ ನಿಂತು ನೋಡಬೇಕೆಂದು ತಿಳಿದವರು ಹೇಳುತ್ತಾರೆ.

1863ರ ಜುಲೈನಲ್ಲಿ ಉತ್ತರದ ಸೈನ್ಯ ನ್ಯಾಚೆಜ್‌ಗೆ ಬಂದಿತು. ಸುತ್ತಲಿನ ತೋಟಗಳಿಂದ ಸಾವಿರಾರು ಗುಲಾಮರು ಊರಿಗೆ ನಡೆದುಬಂದರು. ಗಂಡಸರಲ್ಲಿ ಅನೇಕರು ಸೈನ್ಯಕ್ಕೆ ಸೇರಿದರು. ಹೆಂಗಸರು, ಮಕ್ಕಳು, ಮುದುಕರು ದಿಬ್ಬದ ಕೆಳಗಿನ ಶಿಬಿರದಲ್ಲಿ ಇಕ್ಕಟ್ಟಿನಿಂದಲೂ ಸಿಡುಬು, ಭೇದಿಗಳಿಂದಲೂ ಬಹು ಸಂಖ್ಯೆಯಲ್ಲಿ ಸತ್ತರು. ಅದೇ ವರ್ಷ ಗುಲಾಮರ ಸಂತೆಯ ದೊಡ್ಡಿಗಳನ್ನು ಕೆಡವಿ, ಆ ಮರವನ್ನು ಶಿಬಿರ ಕಟ್ಟಲು ಬಳಸಿದರು. ಕೆಡವಿದವರಲ್ಲಿ ಅಲ್ಲಿಯೇ ಮಾರಾಟವಾಗಿದ್ದ ಕಪ್ಪು ಸೈನಿಕರೂ ಇದ್ದರು. ನ್ಯಾಚೆಜ್‌ನ ಚರಿತ್ರೆಯಲ್ಲಿ ನಾನು ಕಣ್ಣಾರೆ ನೋಡಬೇಕಿತ್ತೆಂದು ಹಂಬಲಿಸುವ ದಿನವೊಂದಿದ್ದರೆ ಅದು ಆ ದಿನ.

ಆ ಸೈನಿಕರಲ್ಲಿ ಅನೇಕರು ಇರುವುದು ಸಿಟಿ ಸೆಮೆಟರಿಯ ಹತ್ತಿರದಲ್ಲೇ, ಅದೇ ದಿಬ್ಬದ ಸಾಲಿನಲ್ಲಿ, 1866ರಲ್ಲಿ ಸರ್ಕಾರ ಸ್ಥಾಪಿಸಿದ ರಾಷ್ಟ್ರೀಯ ಸ್ಮಶಾನದಲ್ಲಿ. ಅಲ್ಲಿ ದೇವತೆಗಳ ಶಿಲ್ಪವಿಲ್ಲ, ಕುಸುರಿಯ ಬೇಲಿಯಿಲ್ಲ. ಹೆಸರು ತಿಳಿದವರಿಗೆ ಒಂದೇ ಅಳತೆಯ ಬಿಳಿ ಕಲ್ಲು, ಹೆಸರು ತಿಳಿಯದವರಿಗೆ ನೆಲದಿಂದ ಗೇಣುದ್ದವೂ ಮೇಲೇಳದ ಚಚ್ಚೌಕದ ತುಂಡು, ಅದರ ಮೇಲೆ ಒಂದು ಸಂಖ್ಯೆ. ಯುದ್ಧದ ಕಾಲದ ಮೂರು ಸಾವಿರಕ್ಕೂ ಮಿಕ್ಕಿದ ಗೋರಿಗಳಲ್ಲಿ ಬಹುಪಾಲು ಇಂತಹ ಸಂಖ್ಯೆಯ ತುಂಡುಗಳೇ. ಹೆಸರುಳ್ಳ ಕಲ್ಲುಗಳಲ್ಲಿ ಒಂದು ವಿಲ್ಸನ್ ಬ್ರೌನ್‌ನದು. ನ್ಯಾಚೆಜ್‌ನಲ್ಲೇ ಗುಲಾಮನಾಗಿ ಹುಟ್ಟಿ, 1863ರಲ್ಲಿ ತಪ್ಪಿಸಿಕೊಂಡು ನೌಕಾಪಡೆ ಸೇರಿದವನು ಅವನು. 1864ರ ಆಗಸ್ಟ್ 5ರ ಮೊಬೀಲ್ ಕೊಲ್ಲಿಯ ಕದನದಲ್ಲಿ ಹಾರ್ಟ್‌ಫರ್ಡ್ ಎಂಬ ನೌಕೆಯಲ್ಲಿದ್ದಾಗ, ಗುಂಡು ಸಿಡಿದು ಏಣಿಯ ಮೇಲಿದ್ದ ಸಂಗಾತಿ ಸತ್ತು ಇವನ ಮೇಲೆ ಬಿದ್ದು, ಇಬ್ಬರೂ ನೌಕೆಯ ತಳಕ್ಕೆ ಉರುಳಿದರು. ಪ್ರಜ್ಞೆ ಮರಳಿದೊಡನೆ ಬ್ರೌನ್ ಮೇಲೇರಿ ಬಂದು, ಜೊತೆಗಾರರಲ್ಲಿ ಬಹುತೇಕರು ಬಿದ್ದುಹೋಗಿದ್ದರೂ, ಫಿರಂಗಿಗಳಿಗೆ ಮದ್ದು ಏರಿಸಿಕೊಡುವ ತನ್ನ ಕೆಲಸವನ್ನು ಮುಂದುವರಿಸಿದನು. ಅದಕ್ಕಾಗಿ ದೇಶದ ಅತ್ಯುನ್ನತ ಸೈನಿಕ ಗೌರವವಾದ ಮೆಡಲ್ ಆಫ್ ಆನರ್ ಅವನಿಗೆ ದೊರೆಯಿತು. 1900ರಲ್ಲಿ ತೀರಿಕೊಂಡ ಅವನು ಹುಟ್ಟೂರಿನ ಮಣ್ಣಿನಲ್ಲೇ ಇದ್ದಾನೆ. ಆ ಊರು ಅವನನ್ನು ಒಮ್ಮೆ ಸೊತ್ತು ಎಂದು ಎಣಿಸಿತ್ತು.

ಈಗ ಆ ಬೂದು ಜಡೆಗಳ ಮಾತು. 1940ರ ಏಪ್ರಿಲ್ 23ರ ರಾತ್ರಿ, ಸೇಂಟ್ ಕ್ಯಾಥರಿನ್ ಬೀದಿಯ ರಿದಂ ನೈಟ್ ಕ್ಲಬ್ ಎಂಬ ಕಪ್ಪು ಜನರ ನೃತ್ಯಶಾಲೆಯಲ್ಲಿ ಶಿಕಾಗೋದ ವಾಲ್ಟರ್ ಬಾರ್ನ್ಸ್ ಮತ್ತು ಅವನ ವಾದ್ಯವೃಂದದ ಕಾರ್ಯಕ್ರಮವಿತ್ತು. ತಗಡಿನ ಹೊದಿಕೆಯ ಉದ್ದನೆಯ ಕಟ್ಟಡ ಅದು. ಒಳಗಿನ ತೊಲೆಗಳಿಗೆಲ್ಲ ಅಲಂಕಾರಕ್ಕೆಂದು ಒಣಗಿದ ಸ್ಪ್ಯಾನಿಷ್ ಮಾಸ್ ತೂಗುಹಾಕಿ, ಹುಳು ಬಾರದಿರಲೆಂದು ಅದಕ್ಕೆ ಪೆಟ್ರೋಲಿಯಂನಿಂದ ಮಾಡಿದ ಕೀಟನಾಶಕ ಸಿಂಪಡಿಸಿದ್ದರು. ಟಿಕೆಟ್ ಕೊಳ್ಳದವರು ಇಣುಕಬಾರದೆಂದು ಕಿಟಕಿಗಳಿಗೆ ಹಲಗೆ ಹೊಡೆದಿದ್ದರು. ಹೊರಹೋಗಲು ಇದ್ದದ್ದು ಒಂದೇ ಬಾಗಿಲು, ಅದೂ ಒಳಕ್ಕೆ ತೆರೆಯುವಂಥದು. ಬಾಗಿಲ ಬಳಿ ಹತ್ತಿದ ಬೆಂಕಿ ತಲೆಯ ಮೇಲಿನ ಜಡೆಗಳ ಗುಂಟ ಕ್ಷಣಗಳಲ್ಲಿ ಓಡಿತು. ಜನ ಗಾಬರಿಯಾಗಬಾರದೆಂದು ಬಾರ್ನ್ಸ್ ವಾದ್ಯ ನಿಲ್ಲಿಸದೆ ನುಡಿಸುತ್ತಲೇ ಇದ್ದನೆಂದು ಬದುಕುಳಿದವರು ನೆನೆದಿದ್ದಾರೆ. ಅವನೂ ಅವನ ಸಂಗಡಿಗರಲ್ಲಿ ಹೆಚ್ಚಿನವರೂ ಸೇರಿ 209 ಮಂದಿ ಸತ್ತರು, ಅವರಲ್ಲಿ ಶಾಲಾ ಶಿಕ್ಷಕರಿದ್ದರು, ವಿದ್ಯಾರ್ಥಿಗಳಿದ್ದರು. ಒಂದು ರಾತ್ರಿಯಲ್ಲಿ ಆ ಊರಿನ ಕಪ್ಪು ಸಮುದಾಯದ ಒಂದು ತಲೆಮಾರು ಬರಿದಾಯಿತು. ಬಾರ್ನ್ಸ್‌ನ ದೇಹ ಶಿಕಾಗೋಕ್ಕೆ ಹೋಯಿತು, ಅಲ್ಲಿ ಅಂತಿಮ ದರ್ಶನಕ್ಕೆ ಸಾವಿರಾರು ಜನ ಸೇರಿದರು. ನ್ಯಾಚೆಜ್‌ನವರಲ್ಲಿ ಅನೇಕರನ್ನು ವಾಟ್ಕಿನ್ಸ್ ಬೀದಿಯ ಸ್ಮಶಾನದಲ್ಲಿ ಸಾಮೂಹಿಕವಾಗಿ ಹೂಳಿದರು.

ಬೀದಿಯ ಹೆಸರನ್ನು ಮತ್ತೊಮ್ಮೆ ಹೇಳುತ್ತೇನೆ: ಸೇಂಟ್ ಕ್ಯಾಥರಿನ್ ಬೀದಿ. ಅದರ ಒಂದು ತುದಿಯ ಕಡೆ ಆ ನೃತ್ಯಶಾಲೆಯ ಜಾಗ, ಇನ್ನೊಂದು ತುದಿಯಲ್ಲಿ ಗುಲಾಮರ ಸಂತೆಯ ಕವಲು. ನಡುವಿನ ಅಂತರ ಕಾಲ್ನಡಿಗೆಯದು. ತಮ್ಮಲ್ಲಿ ಯಾರಾದರೂ ಆ ಕಡೆ ಪ್ರವಾಸ ಹೋಗುವವರಿದ್ದರೆ ನನ್ನದೊಂದು ಕೋರಿಕೆಯಿದೆ. ಸ್ಮಶಾನಕ್ಕೆ ಮೊದಲು ಹೋಗಬೇಡಿ. ಬೆಳಗ್ಗೆ ಫೋರ್ಕ್ಸ್ ಆಫ್ ದ ರೋಡ್‌ನಲ್ಲಿ ಇಳಿದು, ಅಲ್ಲಿ ಸಿಮೆಂಟಿನಲ್ಲಿ ಹೂತಿಟ್ಟಿರುವ ಸಂಕೋಲೆಗಳನ್ನು ನೋಡಿ, ಆ ಬೀದಿಯುದ್ದಕ್ಕೂ ಊರಿನೊಳಕ್ಕೆ ನಡೆದು, ನೃತ್ಯಶಾಲೆಯ ಜಾಗದಲ್ಲಿ ಸ್ವಲ್ಪ ಹೊತ್ತು ನಿಲ್ಲಿ. ಅಲ್ಲಿಂದ ನದಿಯ ದಿಬ್ಬದ ಉದ್ಯಾನಕ್ಕೆ ಹೋದರೆ ಬೆಂಕಿಯಲ್ಲಿ ಸತ್ತವರ ಹೆಸರುಗಳ ಫಲಕವಿದೆ, ಅದನ್ನು ಮೊದಲಿನಿಂದ ಕೊನೆಯವರೆಗೆ ಓದಿ. ಅನಂತರ ಮಧ್ಯಾಹ್ನದ ಹೊತ್ತಿಗೆ ಸ್ಮಶಾನದ ಬಾಗಿಲಿಗೆ ಬಂದು, ಓಕ್ ಮರಗಳ ಕೆಳಗೆ, ಆ ಜಡೆಗಳ ನೆರಳಿನಲ್ಲಿ, ಫ್ಲಾರೆನ್ಸ್‌ಳ ಮೆಟ್ಟಿಲುಗಳ ಕಡೆಗೆ ನಡೆಯಿರಿ.